ತಗಡಿನ ಕಿವಿ



ಒಂದು ಹಾಡಿನ ವಿಷಯದಿಂದ ಶುರುಮಾಡೋಣ. ಹಾಡನ್ನು ಇಲ್ಲಿ ಕೇಳಿಸುವುದಿಲ್ಲ. ಅದು ಒಂದು ಮನೆತನದ ಸ್ವತ್ತು. ಆ ಮನೆತನದವರ ಹೊರತು ಬೇರೆಯವರು ಅದನ್ನು ಹಾಡುವ ಹಾಗಿಲ್ಲ. ಹಾಡಿದ ಜಾಗವನ್ನಷ್ಟೇ ಕಲ್ಪಿಸಿಕೊಳ್ಳಿ.

1987ನೇ ಇಸವಿ. ಕೆನಡಾದ ಪಶ್ಚಿಮ ಅಂಚಿಗೆ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತ. ಅದರ ಉತ್ತರದ ಬೆಟ್ಟಗಳ ನಡುವೆ ಸ್ಮಿದರ್ಸ್ ಎಂಬ ಸಣ್ಣ ಪಟ್ಟಣ. ಅಲ್ಲಿ ಕೋರ್ಟು ಸೇರಿದೆ. ಸಾಕ್ಷಿ ಹೇಳುತ್ತಿರುವವರು ಮೇರಿ ಜಾನ್ಸನ್. ಗಿಟ್‌ಕ್ಸಾನ್ ಜನಾಂಗದ ಅಜ್ಜಿ, ತಮ್ಮ ಮನೆತನಕ್ಕೆ ಯಜಮಾನಿತಿ. ತಮ್ಮ ಪೂರ್ವಿಕರ ಕಥೆ ಹೇಳುತ್ತಾ ಹೇಳುತ್ತಾ ಅವರು ಒಂದು ಹಂತಕ್ಕೆ ಬಂದರು. ಆ ಕಥೆಯೊಳಗೆ ಒಂದು ಶೋಕಗೀತೆ ಇದೆ. ಅದನ್ನು ಹಾಡದೆ ಕಥೆ ಮುಗಿಯುವುದಿಲ್ಲ.

ನ್ಯಾಯಾಧೀಶರು ಆಲನ್ ಮೆಕೇಚರ್ನ್. ಅವರಿಗೆ ಮುಜುಗರ. ಹಾಡಿನ ಮಾತುಗಳನ್ನು ಬರೆದುಕೊಟ್ಟರೆ ಸಾಲದೇ ಎಂದರು. ಕೊನೆಗೆ, ತಮ್ಮದು ತಗಡಿನ ಕಿವಿ, ಹಾಡಿದರೂ ತಮಗೆ ಏನೂ ಹತ್ತುವುದಿಲ್ಲ ಎಂದುಬಿಟ್ಟರು.

ಅಜ್ಜಿ ಹಾಡಿದರು.

ಕೋರ್ಟಿನಲ್ಲಿ ಯಾಕೆ ಹಾಡಬೇಕು ಎಂದು ನೀವು ಕೇಳಬಹುದು. ಉತ್ತರ ಸರಳ. ಅದು ಅವರ ಪಹಣಿ. ನಮ್ಮಲ್ಲಿ ಹೊಲ ಯಾರದು ಎಂಬ ಜಗಳ ಬಂದರೆ ಪಹಣಿ ತೆಗೆಯುತ್ತೇವೆ, ಸರ್ವೆ ನಂಬರು ತೋರಿಸುತ್ತೇವೆ. ಬರವಣಿಗೆ ಇಲ್ಲದ ಜನ ಏನು ತೋರಿಸಬೇಕು? ಯಾವ ಹೊಳೆಯಿಂದ ಯಾವ ಗುಡ್ಡದ ತನಕ ಯಾವ ಮನೆತನದ ನೆಲ, ಅದು ಹೇಗೆ ಬಂತು, ಯಾರ ಸಾವಿನ ನಂತರ ಯಾರಿಗೆ ಹೋಯಿತು, ಇದೆಲ್ಲ ಅವರಲ್ಲಿ ಕಥೆಯಲ್ಲಿ ಇದೆ, ಹಾಡಿನಲ್ಲಿ ಇದೆ. ಕೇಳುವ ಕಿವಿ ಇದ್ದರೆ ಮಾತ್ರ ಅದು ದಾಖಲೆ.

ಈ ಹೊತ್ತಿನ ಮಾತು ಆ ಕಿವಿಯ ಬಗ್ಗೆ. ಆ ಹಾಡು ಕೇಳಿದ ಪಟ್ಟಣದಲ್ಲಿಯೇ, ಸುಮಾರು 37 ವರ್ಷಗಳ ನಂತರ, ಗ್ಯಾಸ್ ಪೈಪ್‌ಲೈನಿಗೆ ಅಡ್ಡ ನಿಂತವರು ಅಪರಾಧಿಗಳೆಂದು ತೀರ್ಪಾಯಿತು. ನಡುವೆ ಏನಾಯಿತು?

ಮೊದಲು ಜನರ ಪರಿಚಯ. ಆ ಮೊಕದ್ದಮೆ ಹೂಡಿದವರು ಇಬ್ಬರು ನೆರೆಹೊರೆಯವರು. ಒಬ್ಬರು ಮೇರಿ ಜಾನ್ಸನ್ ಅವರ ಗಿಟ್‌ಕ್ಸಾನ್ ಜನ. ಇನ್ನೊಬ್ಬರು ವೆಟ್‌ಸುವೆಟನ್ ಜನ. ಮುಂದಿನ ಕಥೆ ಹೆಚ್ಚಾಗಿ ಈ ಎರಡನೆಯವರದು. ಅವರು ತಮ್ಮದೆನ್ನುವ ನೆಲ ಸುಮಾರು 22,000 ಚದರ ಕಿಲೋಮೀಟರು. ನಮ್ಮ ಉತ್ತರ ಕನ್ನಡ, ಶಿವಮೊಗ್ಗ, ಉಡುಪಿ ಮೂರೂ ಜಿಲ್ಲೆಗಳನ್ನು ಒಟ್ಟಿಗೆ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆ ನೆಲಕ್ಕೆ ಅವರ ಭಾಷೆಯಲ್ಲಿ ‘ಯಿನ್ಟಾ’ ಎನ್ನುತ್ತಾರೆ. ಅದರ ನಡುವೆ ಒಂದು ತಣ್ಣನೆಯ, ತಿಳಿನೀರಿನ ನದಿ. ಸಾಲ್ಮನ್ ಮೀನು ಸಮುದ್ರದಿಂದ ಏರಿ ಬರುವ ನದಿ. ಕೆನಡಾದ ನಕ್ಷೆಯಲ್ಲಿ ಅದರ ಹೆಸರು ಮೋರಿಸ್. ಅವರು ಕರೆಯುವುದು ವೆಡ್ಜಿನ್ ಕ್ವಾ.

ಅವರಲ್ಲಿ ಐದು ಬಳಿಗಳು, ಹದಿಮೂರು ಮನೆತನಗಳು. ಬಳಿ ಬರುವುದು ತಾಯಿಯಿಂದ. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಮನೆತನಕ್ಕೂ ಯಜಮಾನ ಅಥವಾ ಯಜಮಾನಿತಿ. ಯಜಮಾನಿಕೆಯ ಜೊತೆಗೆ ಒಂದು ಹಳೆಯ ಹೆಸರೂ ಬರುತ್ತದೆ. ಮನುಷ್ಯ ಹೋಗುತ್ತಾನೆ, ಹೆಸರು ಮುಂದಿನವರಿಗೆ ದಾಟುತ್ತದೆ. ಹೀಗೆ ಹೆಸರು ದಾಟಿಸುವುದು, ನೆಲದ ವ್ಯಾಜ್ಯ ತೀರಿಸುವುದು, ತಪ್ಪಿಗೆ ತೆರುವುದು ಎಲ್ಲವೂ ನಡೆಯುವುದು ಒಂದು ದೊಡ್ಡ ಊಟದ ಕೂಟದಲ್ಲಿ. ಬಂದ ನೆಂಟರೇ ಸಾಕ್ಷಿಗಳು. ಉಂಡವರು ನೆನಪಿಟ್ಟುಕೊಳ್ಳಬೇಕು. ಅದು ಅವರ ಕೋರ್ಟು, ಅದೇ ಅವರ ಸಬ್‌ರಿಜಿಸ್ಟ್ರಾರ್ ಕಚೇರಿ.

ಕೆನಡಾ ಸರ್ಕಾರ 1885ರಿಂದ ಈ ಕೂಟಗಳನ್ನೇ ಅಪರಾಧ ಮಾಡಿತ್ತು. ಊಟ ಹಾಕಿದರೆ ಜೈಲು! ಆ ನಿಷೇಧ 1951ರವರೆಗೂ ಕಾನೂನು ಪುಸ್ತಕದಲ್ಲಿತ್ತು. ಸಾಲದೆಂಬಂತೆ 1927ರಲ್ಲಿ ಇನ್ನೊಂದು ಕಾನೂನು ಬಂತು. ಮೂಲನಿವಾಸಿಗಳು ನೆಲದ ಹಕ್ಕು ಕೇಳಲು ಹಣ ಕೂಡಿಸುವಂತಿಲ್ಲ. ಅಂದರೆ ವಕೀಲರನ್ನು ಇಟ್ಟುಕೊಳ್ಳುವ ದಾರಿಯೂ ಮುಚ್ಚಿತು. ಅದೂ 1951ರವರೆಗೆ. ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲದಲ್ಲಿ ಮೂಲನಿವಾಸಿಗಳೊಂದಿಗೆ ಯಾವ ಒಪ್ಪಂದವೂ ಆಗಿಲ್ಲ. ಅವರು ಮಾರಿಲ್ಲ, ಬಿಟ್ಟುಕೊಟ್ಟಿಲ್ಲ. ಯಾರೂ ಯುದ್ಧದಲ್ಲಿ ಗೆದ್ದುಕೊಂಡೂ ಇಲ್ಲ. ಸುಮ್ಮನೆ ಸರ್ಕಾರದ್ದು ಎಂದು ಬರೆದುಕೊಳ್ಳಲಾಯಿತು.

ಇಲ್ಲಿಯವರೆಗೆ ಕೇಳಿದ್ದು ಇಷ್ಟು. ಬರವಣಿಗೆಯ ಬದಲು ಹಾಡು ಮತ್ತು ಸಾಕ್ಷಿಯ ಮೇಲೆ ನಿಂತ ಒಡೆತನ. ಅದನ್ನು ಕೇಳಿಸಿಕೊಳ್ಳಲು ಒಪ್ಪದ ಒಂದು ಕೋರ್ಟು. ಈಗ ಆ ಮೊಕದ್ದಮೆ ಏನಾಯಿತು ನೋಡೋಣ.

ಅದಕ್ಕೆ ಡೆಲ್ಗಮೂಕ್ ಮೊಕದ್ದಮೆ ಎಂದು ಹೆಸರು. ಡೆಲ್ಗಮೂಕ್ ಎಂಬುದು ಗಿಟ್‌ಕ್ಸಾನ್ ಯಜಮಾನರೊಬ್ಬರ ಹೆಸರು, ಆಗಲೇ ಹೇಳಿದ ಹಾಗೆ ದಾಟಿ ಬಂದ ಹೆಸರು. ದಾವೆ ಹೂಡಿದ್ದು 1984ರಲ್ಲಿ. ವಿಚಾರಣೆ ಮೂರು ವರ್ಷ ಎಳೆಯಿತು. ಕೋರ್ಟು ಕೂತ ದಿನಗಳನ್ನೇ ಎಣಿಸಿದರೆ 374. ಸುಮಾರು 400 ಪುಟಗಳ ತೀರ್ಪು 1991ರಲ್ಲಿ ಬಂತು. ಮೆಕೇಚರ್ನ್ ಅವರು ದಾವೆ ವಜಾ ಮಾಡಿದರು. ಹಳೆಯ ಕಾಲದಲ್ಲಿ ಈ ಜನರ ಬದುಕೇ ಒರಟು, ಅಲ್ಪಾಯುಷಿ ಎಂಬರ್ಥದ ಮಾತನ್ನೂ ಬರೆದರು. ಹಾಡುಗಳಿಗೆ, ಕಥೆಗಳಿಗೆ ಬೆಲೆ ಸಿಗಲಿಲ್ಲ.

ಜನ ಮೇಲ್ಮನವಿ ಹಾಕಿದರು. 1997ರ ಡಿಸೆಂಬರ್ 11ರಂದು ಕೆನಡಾದ ಸುಪ್ರೀಂ ಕೋರ್ಟು ಬೇರೆಯದೇ ಮಾತು ಹೇಳಿತು. ಬಾಯಿಮಾತಿನ ಇತಿಹಾಸವೂ ಸಾಕ್ಷ್ಯವೇ. ಬರೆದ ದಾಖಲೆಯ ಪಕ್ಕದಲ್ಲಿ ಅದಕ್ಕೂ ಸಮನಾದ ಜಾಗ ಕೊಡಬೇಕು. ಮೂಲನಿವಾಸಿಗಳ ನೆಲದ ಹಕ್ಕನ್ನು ಪ್ರಾಂತ ಸರ್ಕಾರ ತಾನಾಗಿ ಅಳಿಸಿಹಾಕಲು ಬರುವುದಿಲ್ಲ. ಇದು ದೊಡ್ಡ ಗೆಲುವು. ಪ್ರಪಂಚದ ಎಷ್ಟೋ ಕಡೆ ಕಾನೂನು ಓದುವ ಹುಡುಗರು ಈ ತೀರ್ಪನ್ನು ಓದುತ್ತಾರೆ.

ಆದರೆ ಗೆಲುವಿನ ಬಾಲದಲ್ಲಿ ಒಂದು ಗಂಟು ಇತ್ತು. ಈ ನೆಲ ಇವರದೇ ಎಂದು ಕೋರ್ಟು ಘೋಷಿಸಲಿಲ್ಲ. ದಾವೆ ಬರೆದ ರೀತಿಯಲ್ಲಿ ತೊಡಕಿದೆ, ಹೊಸದಾಗಿ ವಿಚಾರಣೆ ಆಗಲಿ, ಅದಕ್ಕಿಂತ ಕೂತು ಮಾತಾಡಿಕೊಳ್ಳುವುದೇ ಮೇಲು ಎಂದಿತು. ಮುಖ್ಯ ನ್ಯಾಯಮೂರ್ತಿ ಆಂಟೋನಿಯೊ ಲಾಮರ್ ಅವರು, ನಾವೆಲ್ಲ ಇಲ್ಲೇ ಬಾಳಬೇಕಾದವರು ಎಂಬ ಅರ್ಥದ ಮಾತಿನಿಂದ ತಮ್ಮ ತೀರ್ಪು ಮುಗಿಸಿದರು. ಹೊಸ ವಿಚಾರಣೆ ನಡೆಯಲೇ ಇಲ್ಲ. ಇನ್ನೊಮ್ಮೆ 374 ದಿನ ಕೋರ್ಟಿನ ಖರ್ಚು ಹೊರುವವರು ಯಾರು? ಮೊದಲ ಸಲ ಸಾಕ್ಷಿ ಹೇಳಿದ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ಆ ಹೊತ್ತಿಗೆ ತೀರಿಹೋಗಿದ್ದರು.

ಹೀಗೆ, ಹಕ್ಕು ಇದೆ ಎಂದು ಅರ್ಧ ಹೇಳಿ, ಯಾರದು ಎಂದು ಹೇಳದೆ ಬಿಟ್ಟ ನೆಲ. ಅಂಥ ನೆಲದ ಮೇಲೆ ಪೈಪ್‌ಲೈನು ಬಂತು.

ಅದರ ಹೆಸರು ಕೋಸ್ಟಲ್ ಗ್ಯಾಸ್‌ಲಿಂಕ್. ಕಟ್ಟಿದ್ದು ಟಿಸಿ ಎನರ್ಜಿ ಎಂಬ ಕಂಪನಿ. ಉದ್ದ 670 ಕಿಲೋಮೀಟರು. ಬೆಂಗಳೂರಿನಿಂದ ರಸ್ತೆ ಹಿಡಿದು ಬೀದರಿಗೆ ಹೋದಷ್ಟು ದೂರ. ಕೊಳವೆಯ ಅಗಲ ನಾಲ್ಕು ಅಡಿ. ಒಂದನೇ ಕ್ಲಾಸಿನ ಮಗು ತಲೆ ಬಗ್ಗಿಸದೆ ಒಳಗೆ ನಡೆದುಹೋಗಬಹುದು. ಪೂರ್ವದ ಡಾಸನ್ ಕ್ರೀಕ್ ಸುತ್ತಲಿನ ಗ್ಯಾಸನ್ನು ಸಮುದ್ರದಂಚಿನ ಕಿಟಿಮ್ಯಾಟ್‌ಗೆ ತರುವುದು, ಅಲ್ಲಿ ತಣ್ಣಗೆ ಮಾಡಿ ದ್ರವವಾಗಿಸಿ ಹಡಗಿನಲ್ಲಿ ಏಷ್ಯಾಕ್ಕೆ ಕಳಿಸುವುದು, ಇದು ಯೋಜನೆ. ಖರ್ಚು 620 ಕೋಟಿ ಕೆನಡಾ ಡಾಲರು ಎಂದು ಶುರುವಾಗಿ 1,450 ಕೋಟಿ ಮುಟ್ಟಿತು. ದಾರಿಯಲ್ಲಿ ಸುಮಾರು 190 ಕಿಲೋಮೀಟರು ವೆಟ್‌ಸುವೆಟನ್ ನೆಲ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ದಾರಿಯುದ್ದದ 20 ಮೂಲನಿವಾಸಿ ಮಂಡಳಿಗಳು ಈ ಯೋಜನೆಗೆ ಸಹಿ ಹಾಕಿದ್ದವು. ಅವುಗಳಲ್ಲಿ ವೆಟ್‌ಸುವೆಟನ್ ಜನರ ಮಂಡಳಿಗಳೂ ಇದ್ದವು. ಕೆಲಸ ಬೇಕು, ಹಣ ಬೇಕು, ನಮ್ಮ ಹುಡುಗರು ಊರು ಬಿಡಬಾರದು ಎಂದವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಈ ಮಂಡಳಿಗಳು ಹುಟ್ಟಿದ್ದು ಸರ್ಕಾರ 1876ರಲ್ಲಿ ತಂದ ಇಂಡಿಯನ್ ಆಕ್ಟ್ ಎಂಬ ಕಾನೂನಿನಿಂದ. ಅವುಗಳ ಅಧಿಕಾರ ಸರ್ಕಾರ ಗೆರೆ ಎಳೆದುಕೊಟ್ಟ ಸಣ್ಣ ಸಣ್ಣ ಮೀಸಲು ಜಾಗಗಳ ಮೇಲೆ. ಉಳಿದ ವಿಶಾಲವಾದ ನೆಲದ ಮಾತು ಆಡುವ ಹಕ್ಕು ಮನೆತನದ ಯಜಮಾನರದು ಎನ್ನುತ್ತದೆ ಅವರ ಪದ್ಧತಿ. ಸುಪ್ರೀಂ ಕೋರ್ಟಿಗೆ ಹೋದವರೂ ಆ ಯಜಮಾನರೇ. ಅವರು ಬೇಡ ಎಂದರು. ಬೇರೆ ದಾರಿಯನ್ನೂ ಸೂಚಿಸಿದರು. ಕಂಪನಿ ಒಪ್ಪಲಿಲ್ಲ.

2010ರಿಂದಲೇ ನದಿಯ ದಡದಲ್ಲಿ ಫ್ರೀಡಾ ಹ್ಯೂಸನ್ ಎಂಬ ಮಹಿಳೆ ಮನೆ ಕಟ್ಟಿಕೊಂಡು ಇದ್ದರು. ಪೈಪ್‌ಲೈನುಗಳು ಹೋಗಬೇಕೆಂದು ನಕ್ಷೆಯಲ್ಲಿ ಗೆರೆ ಬಿದ್ದ ಜಾಗದಲ್ಲೇ. ಸೇತುವೆಯ ಬಳಿ ಬಂದವರನ್ನು ನಿಲ್ಲಿಸಿ ಕೇಳುತ್ತಿದ್ದರು. ಯಾರು ನೀವು? ಎಲ್ಲಿಂದ ಬಂದಿರಿ? ಯಾಕೆ ಬಂದಿರಿ? ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೂತ ಹಿರಿಯರೂ ಅಪರಿಚಿತರನ್ನು ಕೇಳುವುದು ಇದನ್ನೇ. ಅಲ್ಲಿ ಕ್ರಮೇಣ ಒಂದು ಆರೈಕೆಯ ಕೇಂದ್ರವೂ ಬೆಳೆಯಿತು. ಕುಡಿತದಿಂದ, ಹಿಂಸೆಯಿಂದ ನೊಂದ ಮೂಲನಿವಾಸಿಗಳು ಬಂದು ಇರುವ ಜಾಗ.

ಹ್ಯೂಸನ್ ಅವರ ಹೆಸರಿಗೆ ಭಾರತದ ಒಂದು ಎಳೆ ಸೇರಿದೆ. ಅವರಿಗೆ 2021ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಪ್ರಶಸ್ತಿ ಹಂಚಿಕೊಂಡವರಲ್ಲಿ ದೆಹಲಿಯ ಲೈಫ್ ಎಂಬ ಪರಿಸರ ವಕೀಲರ ಸಂಸ್ಥೆಯೂ ಒಂದು. ಆ ಸಂಸ್ಥೆಯ ವಕೀಲ ರಿತ್ವಿಕ್ ದತ್ತಾ ಅವರ ಮೇಲೆ, ವಿದೇಶಿ ಹಣದ ಕಾನೂನಿನ ಹೆಸರಿನಲ್ಲಿ, 2023ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು.

ಇನ್ನೊಮ್ಮೆ ಜೋಡಿಸಿಕೊಳ್ಳೋಣ. ಹಕ್ಕನ್ನು ಒಪ್ಪಿ, ಒಡೆಯರನ್ನು ಹೆಸರಿಸದ ಒಂದು ತೀರ್ಪು. ಮಂಡಳಿಗಳ ಸಹಿ ಒಂದು ಕಡೆ, ಯಜಮಾನರ ನಿರಾಕರಣೆ ಇನ್ನೊಂದು ಕಡೆ. ದಾರಿಯಲ್ಲಿ ಕೂತ ಜನ. ಈಗ ಕಂಪನಿ ಏನು ಮಾಡಿತು?

ಸ್ಟೇ ತಂದಿತು.

ಜಮೀನಿನ ಜಗಳ ಕಂಡ ಯಾವ ರೈತರಿಗೂ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮೂಲ ದಾವೆ ಯಾವಾಗಲೋ ತೀರ್ಮಾನವಾಗಲಿ, ಅಲ್ಲಿಯವರೆಗೆ ಎದುರಾಳಿ ಅಡ್ಡ ಬರಬಾರದು ಎಂದು ಕೋರ್ಟಿನಿಂದ ತಡೆಯಾಜ್ಞೆ. 2018ರ ಡಿಸೆಂಬರ್‌ನಲ್ಲಿ ತಾತ್ಕಾಲಿಕ ಆಜ್ಞೆ ಸಿಕ್ಕಿತು. 2019ರ ಕೊನೆಯ ದಿನ ಅದು ಗಟ್ಟಿಯಾಯಿತು. ನ್ಯಾಯಾಧೀಶೆ ಮಾರ್ಗರೀಟ್ ಚರ್ಚ್ ಅವರು ಕೊಟ್ಟ ಕಾರಣ ಗಮನಿಸಿ. ಮೂಲನಿವಾಸಿಗಳ ಕಾನೂನು ಒಪ್ಪಂದದಿಂದಲೋ, ಶಾಸನದಿಂದಲೋ, ಕೋರ್ಟಿನ ಘೋಷಣೆಯಿಂದಲೋ ಕೆನಡಾದ ಕಾನೂನಿನೊಳಗೆ ಬರಬೇಕು. ಅಲ್ಲಿಯವರೆಗೆ ಅದಕ್ಕೆ ಇಲ್ಲಿ ಬಲವಿಲ್ಲ. ಆ ಘೋಷಣೆಗೆ ಬೇಕಾದ ವಿಚಾರಣೆ 1997ರಿಂದ ಬಾಕಿ ಇದೆ ಎಂಬುದನ್ನು ನೀವು ಆಗಲೇ ಕೇಳಿದಿರಿ.

ಇದು ಒಂಟಿ ಪ್ರಸಂಗವಲ್ಲ. ಟೊರಾಂಟೊದ ಯೆಲ್ಲೊಹೆಡ್ ಎಂಬ ಮೂಲನಿವಾಸಿ ಅಧ್ಯಯನ ಸಂಸ್ಥೆ 2019ರಲ್ಲಿ ಇಂಥ ನೂರಕ್ಕೂ ಹೆಚ್ಚು ತಡೆಯಾಜ್ಞೆ ಅರ್ಜಿಗಳನ್ನು ಎಣಿಸಿತು. ಮೂಲನಿವಾಸಿಗಳ ವಿರುದ್ಧ ಕಂಪನಿಗಳು ಹೋದಾಗ ನಾಲ್ಕರಲ್ಲಿ ಮೂರು ಸಲ ಆಜ್ಞೆ ಸಿಕ್ಕಿದೆ. ಕಂಪನಿಗಳ ವಿರುದ್ಧ ಮೂಲನಿವಾಸಿಗಳು ಹೋದಾಗ ಹತ್ತರಲ್ಲಿ ಎಂಟು ಸಲ ಸಿಕ್ಕಿಲ್ಲ. ಕೆಲಸ ನಿಂತರೆ ಎಷ್ಟು ಲಕ್ಷ ನಷ್ಟ ಎಂದು ಕಂಪನಿ ಕಾಗದದ ಮೇಲೆ ತೋರಿಸಬಲ್ಲದು. ಪೂರ್ವಿಕರ ಜಾಡಿಗೆ ಬಿಲ್ಲು ಇರುವುದಿಲ್ಲ.

ಆಜ್ಞೆ ಕೈಗೆ ಬಂದ ಮೇಲೆ ಪೊಲೀಸರು ಬಂದರು. 2019ರ ಜನವರಿಯಲ್ಲಿ 14 ಮಂದಿಯ ಬಂಧನ. 2020ರ ಫೆಬ್ರವರಿಯಲ್ಲಿ ಮತ್ತೆ ದಾಳಿ. ಆಗ ದೂರದ ಒಂಟಾರಿಯೊ ಪ್ರಾಂತದಲ್ಲಿ, ಮೊಹಾಕ್ ಎಂಬ ಇನ್ನೊಂದು ಮೂಲನಿವಾಸಿ ಜನ ಇವರ ಬೆಂಬಲಕ್ಕೆ ರೈಲು ಹಳಿಯ ಪಕ್ಕ ಕೂತರು. ವಾರಗಟ್ಟಲೆ ಪೂರ್ವ ಕೆನಡಾದ ರೈಲುಗಳು ನಿಂತವು. ಆ ಗದ್ದಲದ ನಂತರ ಸರ್ಕಾರಗಳು ಯಜಮಾನರ ಜೊತೆ ನೆಲದ ಹಕ್ಕಿನ ಮಾತುಕತೆಗೆ ಒಡಂಬಡಿಕೆ ಮಾಡಿಕೊಂಡವು. ಆದರೆ ಅದರಲ್ಲಿ ಪೈಪ್‌ಲೈನಿನ ಕೆಲಸ ನಿಲ್ಲಿಸುವ ಮಾತಿರಲಿಲ್ಲ.

2021ರ ಶರತ್ಕಾಲಕ್ಕೆ ಕೆಲಸ ವೆಡ್ಜಿನ್ ಕ್ವಾ ನದಿಯ ತನಕ ಬಂತು. ನದಿಯ ಅಡಿಯಲ್ಲಿ ಕೊರೆದು ಕೊಳವೆ ತೂರಿಸಬೇಕು. ಕೊರೆಯುವ ಜಾಗದಲ್ಲೇ ಗಿಡಿಮ್ಟೆನ್ ಬಳಿಯವರು ಬಿಡಾರ ಹೂಡಿದರು. ಮುಂದೆ ನಿಂತವರು ಸ್ಲೇಡೊ ಎಂಬ ಹೆಸರು ಹೊತ್ತ ಮಾಲಿ ವಿಕಮ್. ನವೆಂಬರ್‌ನಲ್ಲಿ ಅವರ ಬಳಿಯವರು ಕೆಲಸಗಾರರಿಗೆ ಜಾಗ ಖಾಲಿ ಮಾಡಲು ಎಂಟು ಗಂಟೆ ಗಡುವು ಕೊಟ್ಟರು, ಆಮೇಲೆ ಕಾಡಿನ ರಸ್ತೆ ಮುಚ್ಚಿದರು. ಒಳಗಿನ ಕ್ಯಾಂಪುಗಳಲ್ಲಿ 500ಕ್ಕೂ ಹೆಚ್ಚು ಕೆಲಸಗಾರರು ಸಿಕ್ಕಿಬಿದ್ದರು. ಕಂಪನಿಯ ಕಡೆಯವರು ಹೇಳುವುದು ಈ ಮಾತನ್ನು. ಹೇಳಬೇಕಾದ ಮಾತೂ ಹೌದು.

ನವೆಂಬರ್ 18, 19. ಎರಡು ದಿನದ ದಾಳಿ. ಮರದ ಪುಟ್ಟ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೆಲವರು ಕೂತಿದ್ದಾರೆ. ಅವರ ಜೊತೆಗೆ ಒಬ್ಬ ಚಿತ್ರನಿರ್ಮಾಪಕ, ಒಬ್ಬ ಪತ್ರಿಕಾ ಛಾಯಾಗ್ರಾಹಕಿ. ಒಳಗಿನವರ ಕ್ಯಾಮೆರಾದಲ್ಲಿ ದಾಖಲಾದದ್ದು ಹೆಚ್ಚಾಗಿ ಸದ್ದು. ಹೊರಗೆ ನಾಯಿಯ ಬೊಗಳು. ಬಾಗಿಲಿಗೆ ಕೊಡಲಿಯ ಏಟು. ಆಮೇಲೆ ಯಂತ್ರದ ಗರಗಸದ ಮೊರೆತ. ಪತ್ರಕರ್ತರನ್ನೂ ಸೇರಿಸಿ ಸುಮಾರು 30 ಮಂದಿಯನ್ನು ಹಿಡಿದರು. ಪತ್ರಕರ್ತರ ಮೇಲಿನ ಆರೋಪವನ್ನು ಮುಂದೆ ಕೈಬಿಡಲಾಯಿತು. ಉಳಿದವರ ಪೈಕಿ ಹಲವರ ಮೇಲೆ 2022ರಲ್ಲಿ ಸರ್ಕಾರಿ ವಕೀಲರು ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಆರೋಪ ಹೊರಿಸಿದರು.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ಜಗಳ ಶುರುವಾದದ್ದು ಸಿವಿಲ್ ದಾವೆಯಾಗಿ. ಕಂಪನಿ ಒಂದು ಕಡೆ, ಜನ ಇನ್ನೊಂದು ಕಡೆ. ತಡೆಯಾಜ್ಞೆಯನ್ನು ಎಲ್ಲರೆದುರು ಮೀರಿದ ಕ್ಷಣ ಅದು ಜನ ಮತ್ತು ಕೋರ್ಟಿನ ನಡುವಿನ ಜಗಳವಾಗಿಬಿಡುತ್ತದೆ. ಕಂಪನಿ ಬದಿಗೆ ಸರಿಯುತ್ತದೆ. ವಿಚಾರಣೆಯಲ್ಲಿ ಕೇಳುವ ಪ್ರಶ್ನೆಗಳು ಕೆಲವೇ. ಆಜ್ಞೆ ಇರುವುದು ಗೊತ್ತಿತ್ತೇ? ಬೇಕೆಂದೇ ಮೀರಿದಿರಾ? ಬಹಿರಂಗವಾಗಿ ಮೀರಿದಿರಾ? ನೆಲ ಯಾರದು ಎಂಬುದು ಪ್ರಶ್ನೆಯೇ ಅಲ್ಲ. ಆಜ್ಞೆ ತಪ್ಪೆನಿಸಿದರೆ ಅದರ ವಿರುದ್ಧ ಬೇರೆ ಕಡೆ ಹೋಗಿ, ಇಲ್ಲಿ ಆ ಮಾತು ಎತ್ತಬೇಡಿ ಎನ್ನುತ್ತದೆ ಕಾನೂನು. ಯಾವ ಕೋರ್ಟೂ ತನ್ನ ಆಜ್ಞೆ ಮೀರಿದವರನ್ನು ಸುಮ್ಮನೆ ಬಿಡುವುದಿಲ್ಲ, ಅದು ಸಹಜ. ಆದರೆ ಈ ನಿಯಮದಿಂದಾಗಿ ಮೇರಿ ಜಾನ್ಸನ್ ಹಾಡಿದ ಹಾಡಿಗೆ ಇಲ್ಲಿ ಸರದಿಯೇ ಬರುವುದಿಲ್ಲ.

ಇದನ್ನು ಹೆಚ್ಚು ಚೆನ್ನಾಗಿ ತೋರಿಸುವುದು ಇನ್ನೊಬ್ಬ ಯಜಮಾನರ ಪ್ರಕರಣ. ಅವರ ಹೆಸರು ಡ್ಸ್ಟಾಹೈಲ್. ಲಿಕ್‌ಸಮಿಸ್ಯು ಬಳಿಯವರು. 2021ರ ಅಕ್ಟೋಬರ್‌ನಲ್ಲಿ ತಮ್ಮ ನೆಲಕ್ಕೆ ಬಂದ ಕಂಪನಿಯ ಯಂತ್ರಗಳನ್ನು ಕೆಲಸ ಮಾಡದ ಹಾಗೆ ಮಾಡಿ, ಜಪ್ತಿ ಮಾಡಿದ್ದೇನೆ ಎಂದು ಹೇಳಿದರು. ತಹಶೀಲ್ದಾರರು ಅಕ್ರಮ ಮರಳಿನ ಲಾರಿ ಹಿಡಿದ ಹಾಗೆ. ಕೋರ್ಟಿನಲ್ಲಿಯೂ ಅದನ್ನೇ ಹೇಳಿದರು. ತಾನು ಕಾನೂನು ಮುರಿದವನಲ್ಲ, ವೆಟ್‌ಸುವೆಟನ್ ಕಾನೂನನ್ನು ಜಾರಿ ಮಾಡಿದವನು. ಕೋರ್ಟು ಒಪ್ಪಲಿಲ್ಲ. 2024ರ ಜುಲೈನಲ್ಲಿ 60 ದಿನಗಳ ಗೃಹಬಂಧನದ ಶಿಕ್ಷೆ. ಅದೇ ತಿಂಗಳ ಕೊನೆಗೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಅವರನ್ನು ಆತ್ಮಸಾಕ್ಷಿಯ ಕೈದಿ ಎಂದು ಘೋಷಿಸಿತು. ಕೆನಡಾದ ನೆಲದಲ್ಲಿ ಬಂಧಿಯಾದವರಿಗೆ ಆ ಹೆಸರು ಸಿಕ್ಕಿದ್ದು ಅದೇ ಮೊದಲು.

ಕಂಪನಿಗೂ ಶಿಕ್ಷೆಯಾಗಿದೆ, ಅದನ್ನೂ ಹೇಳಬೇಕು. ಕೆಲಸದ ಜಾಗದಿಂದ ಮಣ್ಣು ಕೊಚ್ಚಿಹೋಗದಂತೆ, ಹೂಳು ಹಳ್ಳ ಕೊಳ್ಳ ಸೇರದಂತೆ ನೋಡಿಕೊಳ್ಳಲಿಲ್ಲವೆಂದು ಪ್ರಾಂತದ ಪರಿಸರ ಕಚೇರಿ ಮತ್ತೆ ಮತ್ತೆ ದಂಡ ಹಾಕಿತು. 2024ರ ಒಂದೇ ಆದೇಶದಲ್ಲಿ ಸುಮಾರು ಆರು ಲಕ್ಷ ಡಾಲರು. ದಂಡ ಕಟ್ಟಿದರೆ ಮುಗಿಯಿತು. ಅದು ಕ್ರಿಮಿನಲ್ ಅಲ್ಲ.

ಈಗ ಮತ್ತೆ ಸ್ಮಿದರ್ಸ್‌ಗೆ ಬರೋಣ. ಇಷ್ಟು ಹೊತ್ತು ಕೇಳಿದ್ದು ಒಂದು ದಾಳಿ, ಒಂದು ಆರೋಪ, ನೆಲದ ಪ್ರಶ್ನೆಗೆ ಬಾಗಿಲು ಮುಚ್ಚಿದ ಒಂದು ನಿಯಮ. ಉಳಿದಿರುವುದು ತೀರ್ಪು.

ಸ್ಲೇಡೊ, ಗಿಟ್‌ಕ್ಸಾನ್ ಯುವತಿ ಶೇಲಿನ್ ಸ್ಯಾಂಪ್ಸನ್, ಮೊಹಾಕ್ ಜನಾಂಗದ ಕೋರಿ ಜಾಕೊ ಈ ಮೂವರೂ ಅಪರಾಧಿಗಳು ಎಂದು ನ್ಯಾಯಾಧೀಶ ಮೈಕೆಲ್ ಟಾಮೆನ್ 2024ರ ಜನವರಿಯಲ್ಲಿ ಹೇಳಿದರು. ಆಗ ಅವರ ವಕೀಲರು ಇನ್ನೊಂದು ಅರ್ಜಿ ಹಾಕಿದರು. ಬಂಧಿಸಿದ ಪೊಲೀಸರ ನಡತೆಯನ್ನು ವಿಚಾರಿಸಿ ಎಂದು. ಅದಕ್ಕೆ ಸಾಕ್ಷಿಯಾಗಿ ಕೋರ್ಟಿನಲ್ಲಿ ಧ್ವನಿಮುದ್ರಣ ಹಾಕಿ ಕೇಳಿಸಲಾಯಿತು. ಪೊಲೀಸರ ಕಡೆಯ ಉಪಕರಣದಲ್ಲೇ ಸಿಕ್ಕಿಬಿದ್ದ ಪೊಲೀಸರ ಹರಟೆ.

ಬಂಧಿತ ಮಹಿಳೆಯರ ಮುಖದ ಮೇಲೆ ಕೆಂಪು ಬಣ್ಣದ ಅಂಗೈ ಗುರುತಿತ್ತು. ಬಾಯಿಯ ಮೇಲೆ ಯಾರೋ ಕೈ ಒತ್ತಿಟ್ಟ ಹಾಗೆ. ಉತ್ತರ ಅಮೆರಿಕದಲ್ಲಿ ಕಾಣೆಯಾದ, ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳ ನೆನಪಿನ ಗುರುತು ಅದು. ಹರಟೆಯಲ್ಲಿ ಅವರನ್ನು ಓರ್ಕ್ ಎಂದು, ಓಗರ್ ಎಂದು ಕರೆದು ನಗುವುದು ಕೇಳಿಸಿತು. ಇಂಗ್ಲಿಷ್ ಕಥೆಗಳಲ್ಲಿ ಬರುವ ವಿಕಾರ ರಕ್ಕಸರ ಹೆಸರುಗಳು ಅವು.

ಈ ಸಲ ಕೋರ್ಟು ಕೇಳಿಸಿಕೊಂಡಿತು. 2025ರ ಫೆಬ್ರವರಿ 18ರಂದು ಟಾಮೆನ್ ಅವರು ಆ ಮಾತುಗಳನ್ನು ಖಂಡಿಸಿದರು. ಆರೋಪಿಗಳ ಸಂವಿಧಾನದತ್ತ ಹಕ್ಕಿಗೆ ಪೊಲೀಸರು ಧಕ್ಕೆ ತಂದಿದ್ದಾರೆ, ಇದು ನ್ಯಾಯ ಪ್ರಕ್ರಿಯೆಯ ದುರುಪಯೋಗ ಎಂದರು. ಆದರೆ ಮೊಕದ್ದಮೆಯನ್ನು ಕೈಬಿಡಲಿಲ್ಲ. ಶಿಕ್ಷೆಯನ್ನು ಕಡಿಮೆ ಮಾಡುವುದಾಗಿ ಹೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶಿಕ್ಷೆ ಪ್ರಕಟವಾಯಿತು. ಕೆಲವು ದಿನಗಳ ಜೈಲು, ಅದೂ ಅಮಾನತಿನಲ್ಲಿ, ಜೊತೆಗೆ ಸಮುದಾಯ ಸೇವೆ. ಮೂವರೂ ಜೈಲಿಗೆ ಹೋಗದೆ ಮನೆಗೆ ಹೋದರು.

ಪೈಪ್‌ಲೈನು ಅಷ್ಟು ಹೊತ್ತಿಗೆ ನೆಲದೊಳಗೆ ಸೇರಿ ಎರಡು ವರ್ಷ ಹತ್ತಿರವಾಗಿತ್ತು. ಗ್ಯಾಸು ತುಂಬಿಕೊಂಡ ಮೊದಲ ಹಡಗು 2025ರ ಬೇಸಿಗೆಯಲ್ಲಿ ಕಿಟಿಮ್ಯಾಟ್‌ನಿಂದ ಏಷ್ಯಾದ ಕಡೆಗೆ ಹೊರಟಿತು.

ಅದೇ ಬೇಸಿಗೆಯ ಆರಂಭದಲ್ಲಿ, ಜೂನ್ ತಿಂಗಳಲ್ಲಿ, ಪ್ರಾಂತ ಸರ್ಕಾರ ಇನ್ನೊಂದು ಪೈಪ್‌ಲೈನಿನ ಬಗ್ಗೆ ಒಂದು ಪ್ರಕಟಣೆ ಹೊರಡಿಸಿತು. ಪ್ರಿನ್ಸ್ ರೂಪರ್ಟ್ ಗ್ಯಾಸ್ ಟ್ರಾನ್ಸ್‌ಮಿಷನ್ ಎಂದು ಅದರ ಹೆಸರು. ಪರವಾನಗಿ 2014ರದು. ಕೆಲಸ ಸಾಕಷ್ಟು ಶುರುವಾಗಿದೆ, ಆದ್ದರಿಂದ ಆ ಪರವಾನಗಿ ಇನ್ನು ಕಾಯಂ ಎಂದಿತು ಪ್ರಕಟಣೆ. ಇದರ ಒಡೆತನದಲ್ಲಿ ನಿಸ್ಗಾ ಎಂಬ ಮೂಲನಿವಾಸಿ ಜನಾಂಗದ ಪಾಲೂ ಇದೆ. ಹಾಗಾಗಿ ಮುಂದಿನ ಜಗಳದ ಗೆರೆ ಇನ್ನೂ ಸುತ್ತುಬಳಸು. 2024ರ ಆಗಸ್ಟ್‌ನಲ್ಲಿ, ಕೆಲಸದ ಯಂತ್ರಗಳು ಹೊರಡುವ ಮುನ್ನ, ಗಿಟನ್ಯೋ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ಯಜಮಾನರು ತಾವೇ ಹಿಂದೆ ಸಹಿ ಹಾಕಿದ್ದ ಒಪ್ಪಂದದ ಕಾಗದವನ್ನು ಬೆಂಕಿಗೆ ಹಾಕಿ ರಸ್ತೆ ಮುಚ್ಚಿದರು. ಆ ಕೊಳವೆಯ ದಾರಿ ಗಿಟ್‌ಕ್ಸಾನ್ ನೆಲವನ್ನೂ ಹಾದುಹೋಗುತ್ತದೆ. ಮೇರಿ ಜಾನ್ಸನ್ ಅವರ ಜನರ ನೆಲವನ್ನು.